ಆಗುಂಬೆಗೊಂದು ಶಾಕ್, ಬೈಕಂಪಾಡಿಗೊಂದು ಶಾಕ್

ಮಂಗಳೂರಿನ ಕೂಳೂರು ಸೇತುವೆಯ ಜಾಯಿಂಟ್ ದಾಟುವಾಗ ಕಾರಿನ ಮುಂದಿನ ಎಡಗಡೆಯಿಂದ ‘ಟಕ್’ ಅಂತ ಒಂದು ಸದ್ದು. ಡ್ಯಾಶ್‌ಬೋರ್ಡ್ ಇರಬೇಕು ಅಂದುಕೊಂಡು, ಹಾಡಿನ ಸದ್ದು ಜಾಸ್ತಿ ಮಾಡಿ ಎರಡು ತಿಂಗಳು ದೂಡಿದೆ. ಒಂದು ದಿನ ಟೈರಿನ ಮೇಲೆ ಕೈ ಆಡಿಸಿದರೆ ಉಬ್ಬು, ತಗ್ಗು, ಮತ್ತೆ ಉಬ್ಬು. ಚಕ್ರ ಉರುಳುವುದು ಬಿಟ್ಟು ಕುಣಿಯುತ್ತಾ ಬಂದಿತ್ತು. ಸ್ಟ್ರಟ್‌ನ, ಅಂದರೆ ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಜೋಡಣೆಯ, ರಬ್ಬರ್ ಬೂಟ್ ಎತ್ತಿದರೆ ಒಳಗೆ ಎಣ್ಣೆ, ಎಣ್ಣೆಗೆ ಮೆತ್ತಿದ ಕೆಂಪು ಮಣ್ಣು.

ಕಾರು 2016ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಮೀಟರಿನಲ್ಲಿ 82 ಸಾವಿರ ಕಿ.ಮೀ. ನಮ್ಮ ಮಳೆ, ಉಪ್ಪುಗಾಳಿ, ಹೊಂಡಗಳಲ್ಲಿ ಇಷ್ಟು ಓಡಿದ ಮೇಲೆ ಶಾಕ್ ಸೋರಿತು ಅಂತ ಯಾರನ್ನೂ ದೂರುವಂತಿಲ್ಲ.

ಆಮೇಲಿನ ಎರಡು ವರ್ಷದಲ್ಲಿ ನಾಲ್ಕು ಬಗೆ ನೋಡಿದೆ. ಎರಡು ನನ್ನ ಕಾರಿನಲ್ಲೇ, ಒಂದು ಬಾವನ ಪೋಲೋದಲ್ಲಿ, ಇನ್ನೊಂದು ಗೆಳೆಯನದರಲ್ಲಿ. ಬಾವನ ಕಾರೂ ಇದೇ ಮಾದರಿ, ಟೈರ್ ಅಳತೆಯೂ ಒಂದೇ. ಹಾಗಾಗಿ ಒಂದು ವಾರ ಕಾರು ಅದಲುಬದಲು ಮಾಡಿಕೊಂಡೆವು.

ಮೊದಲೇ ಒಂದು ಮಾತು. ಶಾಕ್ ಬದಲಿಸಿದರೆ ಕಾರು ಎತ್ತರ ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್‌ನ ಕೆಲಸ ಆ ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದು. ಒಳಗೆ ಗ್ಯಾಸ್ ಒತ್ತಡ ಜಾಸ್ತಿ ಇರುವ ಶಾಕ್ ಹಾಕಿದರೆ ಕೆಲವು ಮಿಲಿಮೀಟರ್ ಏಳಬಹುದು, ಅಷ್ಟೇ. ಹಂಪ್‌ಗೆ ಅಡಿ ತಾಗುವ ಕಾರು ಹೊಸ ಶಾಕ್ ಹಾಕಿದ ಮೇಲೂ ತಾಗುತ್ತದೆ.

ಮೊದಲು ಹಾಕಿಸಿದ್ದು ಸಾಧಾರಣ ಟ್ವಿನ್ ಟ್ಯೂಬ್, ಕಂಪೆನಿಯಿಂದ ಬಂದದ್ದೇ ಮಾದರಿ. ಕೊಳವೆಯೊಳಗೆ ಇನ್ನೊಂದು ಕೊಳವೆ. ಎಣ್ಣೆ ಎರಡರ ನಡುವೆ ಕೆಳಗಿನ ವಾಲ್ವ್ ದಾಟಿ ಓಡಾಡುತ್ತದೆ. ಅಗ್ಗ, ಸಿಗುವುದು ಸುಲಭ, ಯಾವ ಮೆಕ್ಯಾನಿಕ್‌ಗೂ ಗೊತ್ತು. ಹೊಸ ಕಾರಿನ ಹಾಗೆ ಆಯಿತು, ಸುಳ್ಳಲ್ಲ. ಸುಮ್ನೆ ಆಫೀಸಿಗೆ ಹೋಗಿ ಬರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನನಗೆ ತೊಂದರೆ ಆದದ್ದು ನಾಲ್ಕು ಜನ ಕೂತು, ಡಿಕ್ಕಿ ತುಂಬಿ, ಮುಲ್ಕಿ ದಾಟಿ ವೇಗ ಹಿಡಿದಾಗ. ರಸ್ತೆ ಅಲೆಯಂತೆ ಏರಿಳಿಯುವ ಕಡೆ ಹಿಂಭಾಗ ಒಮ್ಮೆ ಏಳುತ್ತದೆ, ಇಳಿಯುತ್ತದೆ, ಮತ್ತೊಮ್ಮೆ ಅರ್ಧ ಏಳುತ್ತದೆ. ಆ ಅರ್ಧ ಏಳುವಿಕೆಯೇ ನನಗೆ ಆಗದ್ದು. ಎಂಟು ತಿಂಗಳಿಗೆ ಬಿಚ್ಚಿ ಪರಿಚಯದವರಿಗೆ ಕೊಟ್ಟೆ.

ಎರಡನೆಯದು ಬಿಲ್‌ಸ್ಟೈನ್ ಬಿ6. ಹಳದಿ ಬಣ್ಣದ್ದು. ನನಗೆ ಮೊದಲಿನದ್ದರ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಬಿತ್ತು. ಇದು ಮೊನೊಟ್ಯೂಬ್. ಒಂದೇ ಕೊಳವೆ, ತುದಿಯಲ್ಲಿ ಒತ್ತಡದ ನೈಟ್ರೋಜನ್, ಎಣ್ಣೆಗೂ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್. ಎಣ್ಣೆಯೂ ಗ್ಯಾಸೂ ಬೆರೆಯುವುದಿಲ್ಲವಾದ್ದರಿಂದ ಎಷ್ಟು ಬಿಸಿಯಾದರೂ ನೊರೆ ಬರುವುದಿಲ್ಲ. ಹೊಂಡದ ರಸ್ತೆಯಲ್ಲಿ ಒಂದು ಗಂಟೆ ಓಡಿದ ಮೇಲೂ ಶಾಕ್ ಸುಸ್ತಾಗುವುದಿಲ್ಲ. ಬಿ6 ಮಾಡಿರುವುದು ಕಂಪೆನಿ ಕೊಟ್ಟ ಎತ್ತರದ ಸ್ಪ್ರಿಂಗ್‌ಗೆ. ತಗ್ಗಿಸುವ ಸ್ಪ್ರಿಂಗ್ ಹಾಕುವವರಿಗೆ ಗಿಡ್ಡದಾದ ಬಿ8 ಬೇರೆ ಉಂಟು. ನಾನು ಸ್ಪ್ರಿಂಗ್ ಮುಟ್ಟಲಿಲ್ಲ. ಜುಲೈಯಲ್ಲಿ ನಂತೂರು ಸರ್ಕಲ್ ನೋಡಿದವರು ಕಾರು ತಗ್ಗಿಸುವ ಮಾತು ಆಡುವುದಿಲ್ಲ.

ಬಿ6 ಅರ್ಥವಾಗಬೇಕಾದರೆ ಆಗುಂಬೆ ಹತ್ತಬೇಕು. ಪಡುಬಿದ್ರಿಯಲ್ಲಿ ಬಲಕ್ಕೆ ತಿರುಗಿ ಬೆಳ್ಮಣ್, ಕಾರ್ಕಳ, ಹೆಬ್ರಿ, ಸೋಮೇಶ್ವರ, ಆಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವು. ಘಾಟಿಯಲ್ಲಿ ವೇಗ ಅಂತ ಏನಿಲ್ಲ, ಮೂವತ್ತು ನಲವತ್ತು ಅಷ್ಟೇ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂಗು ಒಳಗೆ ಹೋಗುತ್ತದೆ, ಕಾರು ಮೊದಲು ವಾಲಿ ಆಮೇಲೆ ತಿರುಗುವ ಆ ಹಳೆಯ ಚಾಳಿ ಇಲ್ಲ. ತಿರುವಿನ ನಡುವೆ ಡಾಂಬರು ಕಿತ್ತುಹೋದ ಕಡೆ ಚಕ್ರ ಹಾರಿದರೂ ತಕ್ಷಣ ನೆಲ ಹಿಡಿಯುತ್ತದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಮೂಗು ಕುಸಿಯುವುದು ಅರ್ಧಕ್ಕರ್ಧ ಕಡಿಮೆ. ಆ ದಿನ ಮೇಲೆ ಹೋಗಿ ಚಹಾ ಕುಡಿದು, ಸುಮ್ನೆ ಮತ್ತೊಮ್ಮೆ ಇಳಿದು ಹತ್ತಿದೆ. ಇದನ್ನು ಮನೆಯಲ್ಲಿ ಹೇಳಿಲ್ಲ.

ಆದರೆ ಘಾಟಿಗೆ ಹೋಗುವುದು ವರ್ಷಕ್ಕೆ ನಾಲ್ಕು ಸಲ. ಹೆದ್ದಾರಿ 66ರ ಬೈಕಂಪಾಡಿ ದಿನಾ ಎರಡು ಸಲ ಸಿಗುತ್ತದೆ, ಅಲ್ವಾ? ಮಳೆಗಾಲದ ಹೊಂಡಕ್ಕೆ ಅಂಚು ಚೂಪಾಗಿರುತ್ತದೆ. ಕಾರು ಇಪ್ಪತ್ತರಲ್ಲಿ ಹೋಗುತ್ತಿದ್ದರೂ ಆ ಅಂಚಿಗೆ ಬಡಿದಾಗ ಶಾಕ್‌ನೊಳಗಿನ ಪಿಸ್ಟನ್ ಮಾತ್ರ ಗುಂಡಿನ ಹಾಗೆ ಓಡುತ್ತದೆ. ಬಿ6 ಆಗ ಹೊಂಡದ ಆಕಾರವನ್ನು ಸೀಟಿಗೆ ವರದಿ ಮಾಡುತ್ತದೆ. ಬೆನ್ನು ನೋಯುವಷ್ಟೇನಲ್ಲ, ಆದರೆ ಯಾವ ಹೊಂಡವೂ ತಪ್ಪಿಹೋಗದೆ ಗೊತ್ತಾಗುತ್ತದೆ. ಅಮ್ಮ ಹಿಂದಿನ ಸೀಟಿನಲ್ಲಿ ಮೀನು ಸಾರಿನ ಪಾತ್ರೆ ಹಿಡಿದು ಕೂತು, ಸುರತ್ಕಲ್ ಮುಟ್ಟುವ ಮೊದಲೇ, "ಎಂತ ಮಾರಾಯ, ಎತ್ತಿನ ಗಾಡಿಗೆ ದುಡ್ಡು ಕೊಟ್ಟು ಬಂದಿದ್ದೀಯಾ?" ಅಂದರು.

ಬಾವನ ಕಾರಿನಲ್ಲಿ ಇದ್ದದ್ದು ಕೋನಿ ಸ್ಪೆಷಲ್ ಆಕ್ಟಿವ್, ಕೆಂಪು ಬಣ್ಣದ್ದು. ಡಚ್ ಕಂಪೆನಿ. ಇದರಲ್ಲಿ ಎಫ್‌ಎಸ್‌ಡಿ ಅನ್ನುವ ಒಂದು ಹೆಚ್ಚಿನ ವಾಲ್ವ್ ಇದೆ. ವಯರಿಲ್ಲ, ಕಂಪ್ಯೂಟರಿಲ್ಲ, ಎಲ್ಲಾ ಎಣ್ಣೆಯ ಒತ್ತಡದ ಆಟ. ಹೊಂಡ, ಜಾಯಿಂಟ್‌ಗಳಿಂದ ಚಕ್ರ ಟಕಟಕ ಅದುರುವಾಗ ಎಣ್ಣೆಗೆ ಎರಡನೇ ದಾರಿ ತೆರೆದೇ ಇರುತ್ತದೆ, ಶಾಕ್ ಮೆತ್ತಗಿರುತ್ತದೆ. ತಿರುವಿನಲ್ಲಿ ಕಾರು ನಿಧಾನವಾಗಿ ವಾಲುವಾಗ ಒತ್ತಡ ಕಟ್ಟಿಕೊಂಡು ಆ ದಾರಿ ಮುಚ್ಚುತ್ತದೆ, ಶಾಕ್ ಬಿಗಿಯಾಗುತ್ತದೆ.

ಇದನ್ನು ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಅದಕ್ಕೇ ಒಂದೇ ದಿನ ಎರಡೂ ಕಾರನ್ನು ಕೊಟ್ಟಾರ ಚೌಕಿಯಿಂದ ಮುಲ್ಕಿ ಸೇತುವೆವರೆಗೆ ಓಡಿಸಿದೆ. ವೇಗ ಒಂದೇ, ಗಾಳಿ ಒತ್ತಡವೂ ಒಂದೇ. ಸೇತುವೆಯ ಜಾಯಿಂಟ್‌ಗಳಲ್ಲಿ ಬಿ6 ‘ಟಪ್ ಟಪ್’ ಅಂತ ಸ್ಪಷ್ಟವಾಗಿ ಹೇಳಿದರೆ ಕೋನಿ ‘ದುಬ್ ದುಬ್’ ಅಂದಿತು, ದೂರದಿಂದ ಕೇಳಿದ ಹಾಗೆ. ಬೈಕಂಪಾಡಿಯಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಲೇನ್ ಬದಲಿಸುವಾಗ ಮಾತ್ರ ಕೋನಿ ಒಂದು ಚಿಟಿಕೆ ತಡ ಮಾಡಿ ಬಿಗಿಯಾಗುತ್ತದೆ. ಚಾಲಕನಿಗೆ ಗೊತ್ತಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಇಲ್ಲ. ಆಗುಂಬೆಯಲ್ಲೂ ಚೆನ್ನಾಗಿಯೇ ಹೋಯಿತು, ಆದರೆ ಮತ್ತೊಮ್ಮೆ ಇಳಿದು ಹತ್ತಬೇಕು ಅನ್ನಿಸಲಿಲ್ಲ.

ಗೆಳೆಯನದು ಅಗ್ಗದ ಕಾಯಿಲ್‌ಓವರ್, ಅಂದರೆ ಕಾರಿನ ಎತ್ತರ ಹೊಂದಿಸಬಹುದಾದ ಶಾಕ್-ಸ್ಪ್ರಿಂಗ್ ಜೋಡಿ. ಕಂಪೆನಿಯ ಹೆಸರು ಬೇಡ. ಒಂದು ಮಳೆಗಾಲದಲ್ಲಿ ಎತ್ತರ ಹೊಂದಿಸುವ ನಟ್ಟು ತುಕ್ಕು ಹಿಡಿದು ಥ್ರೆಡ್‌ಗೆ ಅಂಟಿಕೊಂಡಿತು. ಈಗ ಅದು ಎತ್ತರ ಹೊಂದಿಸಲಾಗದ ಕಾಯಿಲ್‌ಓವರ್. ಸಮುದ್ರದಿಂದ ಐದು ಕಿಲೋಮೀಟರ್ ಒಳಗೆ ಮನೆ ಇದ್ದರೆ ಥ್ರೆಡ್ ಸ್ಟೇನ್‌ಲೆಸ್ಸಾ, ಬರೀ ಪೂಸಿದ ಕಬ್ಬಿಣವಾ ಅಂತ ಕೇಳದೆ ತೆಗೆದುಕೊಳ್ಳಬೇಡಿ.

ನನ್ನನ್ನು ಕೇಳಿದರೆ, ಒಂದೇ ಕಾರು, ಅದರಲ್ಲೇ ಮನೆಯವರು, ದಿನಾ ಹೆದ್ದಾರಿ 66 ಅಂದರೆ ಕೋನಿ. ಒಬ್ಬರೇ ಓಡಿಸುವ ಕಾರು, ಘಾಟಿ ಹುಚ್ಚು ಇದೆ ಅಂದರೆ ಬಿ6. ನನ್ನ ಕಾರಿನಲ್ಲಿ ಈಗಲೂ ಬಿ6 ಇದೆ. ಬುದ್ಧಿ ಇದ್ದಿದ್ದರೆ ಕೋನಿ ಹಾಕಿಸುತ್ತಿದ್ದೆ.

ಯಾವುದೇ ತಗೊಳ್ಳಿ, ಜತೆಗೆ ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ರಬ್ಬರ್ ಭಾಗ), ಅದರ ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ಬಡಿತ ತಡೆಯುವ ತುಂಡು), ಬೂಟ್ ಹೊಸದೇ ತರಿಸಿ. ಪೋಲೋದ ಹಿಂದಿನ ಶಾಕ್ ಬೇರೆ, ಸ್ಪ್ರಿಂಗ್ ಬೇರೆ, ಅದು ಸಣ್ಣ ಕೆಲಸ. ಮುಂದಿನದು ಸ್ಪ್ರಿಂಗ್ ಕಂಪ್ರೆಸರ್ ಇಟ್ಟು ಬಿಚ್ಚಬೇಕು, ಆಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸಲೇಬೇಕು. ನನ್ನ ಬಿ6 ಹಾಕಿದ ವರ್ಕ್‌ಶಾಪಿನಲ್ಲಿ ಹಳೆಯ ಮೌಂಟನ್ನೇ ಒರೆಸಿ ಕೂರಿಸಿದ್ದರು. ಹಿಂದಿನ ಶಾಕ್‌ನ ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದಿದ್ದರು. ಕಾರು ನೆಲಕ್ಕೆ ಇಳಿದಾಗ ಆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಇಷ್ಟೆಲ್ಲಾ ಖರ್ಚು ಮಾಡಿ ಕೂಳೂರು ಸೇತುವೆ ಹತ್ತಿದರೆ ಅದೇ ‘ಟಕ್’. ಬೇರೆ ಕಡೆ ಮತ್ತೆ ಬಿಚ್ಚಿಸಿ, ಹೊಸ ಮೌಂಟ್ ಹಾಕಿಸಿ, ಭಾರ ಚಕ್ರದ ಮೇಲೆ ಇರುವಾಗ ಬೋಲ್ಟ್ ಬಿಗಿಸಿ, ಎರಡನೇ ಸಲ ಅಲೈನ್‌ಮೆಂಟ್‌ಗೆ ದುಡ್ಡು ಕೊಟ್ಟೆ. ಸದ್ದು ಹೋಯಿತು. ಅದು ಹೋದ ಮೇಲೆ ಗೊತ್ತಾಯಿತು, ಡ್ಯಾಶ್‌ಬೋರ್ಡಿನದೂ ಒಂದು ಇತ್ತು.