ಸವಳು ನೀರಿನ ಟಬ್ಬು: ಸೋಡಾ, ವಿನೆಗರ್, ಲಿಂಬೆ

ವಿಜಯಪುರದ ನಮ್ಮ ಮನೆಯ ಬಚ್ಚಲಿನಲ್ಲಿ ಬಾತ್‌ಟಬ್ ಇರುವುದನ್ನು ಕಂಡು ಬಂದವರು ನಗುತ್ತಾರೆ. ಬೇಸಿಗೆಯಲ್ಲಿ ಕೊಡ ಎಣಿಸಿ ನೀರು ಬಳಸುವ ಊರಿನಲ್ಲಿ ಅದನ್ನು ತುಂಬಿಸುವವರು ಯಾರು ಎಂಬುದು ಅವರ ಪ್ರಶ್ನೆ. ಮನೆ ಕಟ್ಟಿಸುವಾಗ ಅಣ್ಣ ಹಟ ಹಿಡಿದು ಕೂರಿಸಿದ ಈ ಅಕ್ರಿಲಿಕ್ ಟಬ್ಬು ಈಗ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವುದಕ್ಕೂ, ಅವ್ವ ಮೊಣಕಾಲು ನೋವಿಗೆ ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದಕ್ಕೂ ಬಳಕೆಯಾಗುತ್ತದೆ. ನೀರು ಬೋರ್‌ವೆಲ್ಲಿನದು, ಗಟ್ಟಿ ಸವಳು. ಹೀಗಾಗಿ ಆರು ತಿಂಗಳು ತುಂಬುವ ಮೊದಲೇ ನಲ್ಲಿಯ ಕೆಳಗೆ ಬಿಳಿಯ ಸುಣ್ಣವೂ, ನೀರು ನಿಲ್ಲುವ ಮಟ್ಟದಲ್ಲಿ ಸುತ್ತಲೂ ಬೂದುಬಣ್ಣದ ಜಿಡ್ಡಿನ ಗೆರೆಯೂ ಕಟ್ಟಿಕೊಂಡಿದ್ದವು.

ಅಂಗಡಿಯಲ್ಲಿ ಬಚ್ಚಲು ತೊಳೆಯಲೆಂದು ಮಾರುವ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದರ ಹೊಗೆ ಅವ್ವನ ಉಸಿರಿಗೆ ಆಗದು, ನಲ್ಲಿಯ ಹೊಳಪನ್ನೂ ಅದು ತಿನ್ನುತ್ತದೆ. ಆದ್ದರಿಂದ ಅಡುಗೆಮನೆಯಲ್ಲಿ ಇದ್ದದ್ದನ್ನೇ ತಂದು, ಒಂದು ಭಾನುವಾರ ಟಬ್ಬನ್ನು ಟೇಪು ಅಂಟಿಸಿ ನಾಲ್ಕು ಪಾಲು ಮಾಡಿ, ಪ್ರತಿ ಪಾಲಿನಲ್ಲೂ ಒಂದೊಂದನ್ನು ಪ್ರಯತ್ನಿಸಿದೆ.

ಮೊದಲನೆಯದು ಅಡುಗೆ ಸೋಡಾ. ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಕಲಸಿ, ಹತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಮೆತ್ತಗೆ ತಿಕ್ಕಿದಾಗ ಬೂದು ಗೆರೆ ಬಟ್ಟೆಗೆ ಕಪ್ಪಾಗಿ ಇಳಿದು ಬಂತು. ಸವಳು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗುತ್ತದೆ, ಅದಕ್ಕೆ ತಲೆಯ ಎಣ್ಣೆಯೂ ಮೈಯ ಮಣ್ಣೂ ಅಂಟುತ್ತವೆ. ಸೋಡಾದ ನಯವಾದ ಹರಳು ಅದನ್ನು ಕೆರೆದು ತೆಗೆಯುತ್ತದೆ, ಆದರೆ ಅಕ್ರಿಲಿಕ್ಕಿಗೆ ಗೀರು ಬೀಳುವಷ್ಟು ಒರಟಲ್ಲ. ತಂತಿಯ ಜುಂಗನ್ನು ಮಾತ್ರ ಅದರ ಹತ್ತಿರ ತರಬಾರದು. ನಲ್ಲಿಯ ಕೆಳಗಿನ ಸುಣ್ಣದ ಮೇಲೆ ಇದೇ ಸೋಡಾ ಎಷ್ಟು ತಿಕ್ಕಿದರೂ ಜಗ್ಗಲಿಲ್ಲ.

ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಬಿಸಿನೀರಿಗೆ ಹಾಕಿ ಹಚ್ಚಿದ ಎರಡನೆಯ ಪಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಜಿಡ್ಡಿಗೆ ಅದು ಸಾಕು, ಹಳೆಯದಕ್ಕೆ ಸಾಲದು.

ಮೂರನೆಯದು ಬಿಳಿ ವಿನೆಗರ್, ಸಮನಾಗಿ ನೀರು ಬೆರೆಸಿದ್ದು. ನೀರಿನಿಂದ ಕಟ್ಟುವ ಈ ಸುಣ್ಣ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್; ಹುಳಿ ತಾಕಿದೊಡನೆ ಅದು ಸಣ್ಣ ಗುಳ್ಳೆ ಬಿಟ್ಟು ಕರಗುತ್ತದೆ. ಲಂಬವಾದ ಗೋಡೆಯ ಮೇಲೆ ದ್ರವ ನಿಲ್ಲುವುದಿಲ್ಲವಾದ್ದರಿಂದ ಹಳೆಯ ಧೋತರದ ತುಂಡನ್ನು ಅದ್ದಿ ಅಂಟಿಸಿ ಹದಿನೈದು ನಿಮಿಷ ಬಿಟ್ಟೆ. ತೆಳು ಪದರ ಪೂರ್ತಿ ಹೋಯಿತು, ದಪ್ಪನೆಯದು ಅರ್ಧ. ಆದರೆ ಬಟ್ಟೆಯಿಂದ ತೊಟ್ಟಿಕ್ಕಿದ ಹನಿಗಳು ಕೆಳಗಿನ ಶಹಾಬಾದಿ ಫರಸಿಯ ಮೇಲೆ ಬಿದ್ದು, ಒಣಗಿದ ಮೇಲೆ ಅಳೆಯುವ ಸೇರಿನ ಬಾಯಿಗಿಂತ ಸ್ವಲ್ಪ ದೊಡ್ಡದಾದ ಮಂಕು ಮಚ್ಚೆ ಉಳಿಯಿತು. ಶಹಾಬಾದಿ ಕಲ್ಲೂ ಸುಣ್ಣದ ಕಲ್ಲೇ. ಟಬ್ಬಿನ ಕಲೆಯನ್ನು ತಿನ್ನುವ ಹುಳಿ ಅದನ್ನು ಬಿಟ್ಟೀತೇ ಎಂಬುದು ನನಗೆ ಆಮೇಲೆ ಹೊಳೆಯಿತು. ಆ ಮಚ್ಚೆಯ ಮೇಲೆ ಈಗ ಬಕೆಟ್ ನಿಂತಿದೆ.

ನಾಲ್ಕನೆಯದು ಲಿಂಬೆ. ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇರುವ ಜಿಲ್ಲೆಯವನಾದ ನನ್ನ ಪಕ್ಷಪಾತವನ್ನು ಓದುಗರು ಲೆಕ್ಕದಲ್ಲಿ ಹಿಡಿಯಬೇಕು. ಆದರೂ ದಪ್ಪ ಸುಣ್ಣದ ಮೇಲೆ ಲಿಂಬೆಯೇ ಮುಂದಾಯಿತು. ವಿನೆಗರಿನಲ್ಲಿ ಹುಳಿ ಸಾಮಾನ್ಯವಾಗಿ ಶೇಕಡಾ 4ರಿಂದ 5ರಷ್ಟಿದ್ದರೆ ಲಿಂಬೆರಸದಲ್ಲಿ ಸುಮಾರು 5ರಿಂದ 6ರಷ್ಟು ಸಿಟ್ರಿಕ್ ಆಮ್ಲವಿರುತ್ತದೆ, ಮೇಲಾಗಿ ನಾನು ವಿನೆಗರಿಗೆ ನೀರು ಬೆರೆಸಿದ್ದೆ. ಸಿಟ್ರಿಕ್ ಆಮ್ಲ ಕ್ಯಾಲ್ಸಿಯಮ್ಮನ್ನು ತನ್ನೊಡನೆ ಬಿಗಿದುಕೊಳ್ಳುವ ಗುಣವುಳ್ಳದ್ದೂ ಹೌದು. ನಲ್ಲಿಯ ಬಾಯಿಗೆ ಅರ್ಧ ಹೋಳನ್ನು ಒತ್ತಿ, ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿ, ಹತ್ತು ನಿಮಿಷಕ್ಕೆ ಬಿಚ್ಚಿದಾಗ ಹಲ್ಲುಜ್ಜುವ ಹಳೆಯ ಬ್ರಷ್‌ಗೆ ಸುಣ್ಣ ಹಸಿ ರವೆಯಂತೆ ಉದುರಿತು. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಕ್ರೋಮ್ ಲೇಪಕ್ಕೆ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಲಿಂಬೆಯ ಬೆಲೆ ಏರಿದಾಗ ಕಿರಾಣಿ ಅಂಗಡಿಯ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಇದೇ ಕೆಲಸ ಮಾಡುತ್ತದೆ.

ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿಯುವುದೇ ಉತ್ತಮವೆಂದು ಹಲವರು ಹೇಳುತ್ತಾರೆ. ಅದನ್ನೂ ಮಾಡಿ ನೋಡಿದೆ. ನೊರೆ ಉಕ್ಕುವುದು ನೋಡಲು ಚೆಂದ, ಆದರೆ ಒಂದರ ಬಲವನ್ನು ಇನ್ನೊಂದು ಕಳೆದು ಉಳಿಯುವುದು ಬಹುಪಾಲು ಉಪ್ಪುನೀರು. ಕಲೆ ಇದ್ದಲ್ಲೇ ಇತ್ತು. ಇವು ಬೆರೆತರೆ ವ್ಯರ್ಥವಷ್ಟೇ, ಆದರೆ ಬ್ಲೀಚಿನೊಡನೆ ಯಾವ ಹುಳಿ ಬೆರೆತರೂ ಕ್ಲೋರಿನ್ ವಿಷಾನಿಲ ಏಳುತ್ತದೆ.

ಈಗ ನಮ್ಮಲ್ಲಿ ವಾರಕ್ಕೊಮ್ಮೆ ಗೆರೆಗೆ ಸೋಡಾ, ತಿಂಗಳಿಗೊಮ್ಮೆ ಫರಸಿಯ ಮೇಲೆ ಗೋಣಿಚೀಲ ಹಾಸಿಕೊಂಡು ನಲ್ಲಿಗೆ ಲಿಂಬೆ. ಎರೆದ ಮೇಲೆ ಟಬ್ಬನ್ನು ಒಣಬಟ್ಟೆಯಿಂದ ಒರೆಸಿಬಿಟ್ಟರೆ ನೀರು ಅಲ್ಲೇ ಆರಿ ಸುಣ್ಣ ಕೂರುವುದು ತಪ್ಪುತ್ತದೆ; ಆ ಬಟ್ಟೆಯನ್ನು ನಲ್ಲಿಯ ಕೊರಳಿಗೇ ಸಿಕ್ಕಿಸಿಟ್ಟಿದ್ದೇವೆ. ಹಿಂಡಿದ ಸಿಪ್ಪೆಗಳನ್ನು ಅವ್ವ ಎಸೆಯಗೊಡುವುದಿಲ್ಲ, ಉಪ್ಪು ಅದ್ದಿ ಪಕ್ಕದ ತಾಮ್ರದ ಹಂಡೆಗೆ ತಿಕ್ಕುತ್ತಾಳೆ.