ಡಿರಾಕ್ ಲೈವ್: ಪರದೆ ತೋರಿಸುವ ಗೆರೆ, ಕೋಣೆ ಕೊಡುವ ಗೆರೆ

ಡಿರಾಕ್ ಲೈವ್ ಎಂದರೆ ಕೋಣೆಯಲ್ಲಿ ಸ್ಪೀಕರ್‌ನ ದನಿಯನ್ನು ಮೈಕಿನಿಂದ ಅಳೆದು ತಿದ್ದುವ ತಂತ್ರಾಂಶ. ಅದು ಕೆಲಸ ಮುಗಿಸಿದ ಮೇಲೆ, ಯಾವ ಆವರ್ತನ ಎಷ್ಟು ಜೋರು ಎಂದು ತೋರಿಸುವ ಎರಡು ಗೆರೆ ಪರದೆಯಲ್ಲಿ ಕಾಣುತ್ತವೆ. ಒಂದು ಅಂಕುಡೊಂಕು, ತಿದ್ದುವುದಕ್ಕೆ ಮುಂಚಿನದು. ಇನ್ನೊಂದು ಗುರಿಗೆರೆಗೆ (ದನಿ ಹೀಗಿರಬೇಕೆಂದು ಇಟ್ಟುಕೊಂಡ ಗೆರೆ) ಅಂಟಿಕೊಂಡು ನಯವಾಗಿ ಇಳಿಯುವುದು. ಈ ಎರಡನೆಯದನ್ನು ಯಾವ ಮೈಕೂ ಅಳೆದಿಲ್ಲ. ಅಳೆದದ್ದಕ್ಕೆ ಫಿಲ್ಟರ್, ಅಂದರೆ ದನಿಯ ತಿದ್ದುಪಡಿ, ಸೇರಿಸಿದರೆ ಏನಾಗಬೇಕೋ ಅದನ್ನು ತಂತ್ರಾಂಶ ಲೆಕ್ಕ ಹಾಕಿ ಬರೆದಿದೆ, ಅಷ್ಟೇ. ಕೊಂಡವರಲ್ಲಿ ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಇದಕ್ಕೆ ಕೊಟ್ಟ ದುಡ್ಡು ಸಾರ್ಥಕವೇ ಎಂದು ಗೊತ್ತಾಗಬೇಕಾದರೆ ಮೈಕನ್ನು ಮತ್ತೆ ನಿಲ್ಲಿಸಿ, ಬೇರೊಂದು ತಂತ್ರಾಂಶದಲ್ಲಿ ಅಳೆಯಲೇಬೇಕು. ಆ ಕೆಲಸಕ್ಕೆ ರೂಮ್ ಇಕ್ಯೂ ವಿಝಾರ್ಡ್ ಇದೆ, ಉಚಿತ.

ಮೊದಲು ಕೋಣೆಯ ಮಾತು. 30-40 ಸೈಟಿನಲ್ಲಿ ಕಟ್ಟಿದ ಬೆಂಗಳೂರಿನ ಮನೆಗಳಲ್ಲಿ 10 ಅಡಿಗೆ 12 ಅಡಿಯ ಕೋಣೆ ಸಾಮಾನ್ಯ, ಚಾವಣಿಯೂ ಸುಮಾರು 10 ಅಡಿ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಎದುರುಬದುರು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ಯಾವ ಆವರ್ತನದಲ್ಲಿ ಗುಂಯ್‌ಗುಡುತ್ತದೆ ಎಂದು ಸಿಗುತ್ತದೆ. 12 ಅಡಿ ಅಂದರೆ 3.66 ಮೀಟರ್, ಉತ್ತರ 47 ಹರ್ಟ್ಜ್. 10 ಅಡಿ ಅಂದರೆ 3.05 ಮೀಟರ್, ಉತ್ತರ 56 ಹರ್ಟ್ಜ್. ಅಗಲವೂ ಎತ್ತರವೂ 10 ಅಡಿಯೇ ಆದಾಗ ಎರಡು ಅನುರಣನಗಳು ಒಂದೇ 56ರ ಮೇಲೆ ಬಂದು ಕೂರುತ್ತವೆ, 112ರಲ್ಲಿ ಮತ್ತೊಮ್ಮೆ. ಇಟ್ಟಿಗೆ, ಸಿಮೆಂಟಿನ ಗೋಡೆ ಬೇಸ್ ಅನ್ನು ಹೊರಗೆ ಬಿಡುವುದಿಲ್ಲ, ಒಳಗೆ ಹೀರುವುದೂ ಇಲ್ಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಹಾಸಿದ ಜಮಖಾನ ಮೇಲಿನ ಸ್ವರಗಳನ್ನು ಒಂದಿಷ್ಟು ಮೆತ್ತಗೆ ಮಾಡೀತು, 56 ಹರ್ಟ್ಜ್‌ಗೆ ಅದು ಇದ್ದೂ ಇಲ್ಲದ ಹಾಗೆ. ತಬಲದ ಎಡಗೈ, ಡೊಳ್ಳಿನ ಪೆಟ್ಟು ಬಿದ್ದಲ್ಲೇ ನಿಲ್ಲದೆ ಬಾಲ ಬೆಳೆಸಿಕೊಂಡು ಕೇಳುವುದು ಇದರಿಂದಲೇ. ಡಿರಾಕ್ ನಿಜವಾಗಿ ಗೆಲ್ಲುವ ಜಾಗವೂ ಇದೇ.

ಇಂಥ ಕೋಣೆಯ ಗಾತ್ರ 34 ಘನ ಮೀಟರ್. ಪ್ರತಿಧ್ವನಿ ಆರಲು ಅರ್ಧ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಸುಮಾರು 240 ಹರ್ಟ್ಜ್‌ವರೆಗೆ ಕೋಣೆಯದೇ ಯಜಮಾನಿಕೆ. ಅದರ ಮೇಲೆ ಸ್ಪೀಕರ್‌ನ ಗುಣ ಮುಂದೆ ಬರುತ್ತದೆ. ಈ ಗಡಿಯನ್ನು ನೆನಪಿಟ್ಟುಕೊಳ್ಳಿ, ಕೊಳ್ಳುವ ತೀರ್ಮಾನವೂ ಇದರ ಮೇಲೆಯೇ ನಿಂತಿದೆ.

ಮೈಕ್ ಆಗಿ ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ಸಾಕು. ಪ್ರತಿ ಮೈಕಿಗೂ ಸೀರಿಯಲ್ ನಂಬರ್ ಇದೆ, ಆ ನಂಬರಿನ ಕ್ಯಾಲಿಬ್ರೇಷನ್ ಫೈಲನ್ನು (ಆ ಮೈಕಿನದೇ ಏರುಪೇರನ್ನು ಸರಿದೂಗಿಸುವ ಲೆಕ್ಕ) ಕಂಪನಿಯ ತಾಣದಿಂದ ಇಳಿಸಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೈಕಿನ ಮೈಮೇಲಿನ ನಂಬರನ್ನೇ ನೋಡಲಿ. ಫೈಲು ಎರಡು ಬಗೆ: ಮೈಕ್ ಸ್ಪೀಕರ್ ಕಡೆ ಮುಖ ಮಾಡಿದರೆ 0 ಡಿಗ್ರಿಯದು, ಚಾವಣಿ ನೋಡುತ್ತಿದ್ದರೆ 90 ಡಿಗ್ರಿಯದು. ಇದು ಅದಲುಬದಲಾದರೆ ಬೇಸ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, 8 ಕಿಲೋಹರ್ಟ್ಜ್ ಮೇಲೆ ಮಾತ್ರ ಗೆರೆ ಕೆಲವು ಡೆಸಿಬೆಲ್ ಸುಳ್ಳು ಹೇಳುತ್ತದೆ. ಡಿರಾಕ್ ಆ ಸುಳ್ಳನ್ನೇ ನಂಬಿ ತಿದ್ದುತ್ತದೆ, ಪರದೆಯ ಮೇಲೆ ಎಲ್ಲ ಸುಂದರವಾಗಿಯೇ ಕಾಣುತ್ತದೆ. ಮೈಕಿನ ಜೊತೆ ಬರುವ ಪುಟ್ಟ ಸ್ಟ್ಯಾಂಡನ್ನು ಸೋಫಾದ ಮೇಲೆ ಇಡಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೂಮ್ ಸ್ಟ್ಯಾಂಡ್ ಹುಡುಕಿ ತನ್ನಿ. ಕಾಲು ನೆಲದ ಮೇಲಿರಲಿ, ಮೈಕಿನ ತುದಿ ಕಿವಿಯ ಎತ್ತರದಲ್ಲಿರಲಿ, ಸೋಫಾದ ಬೆನ್ನಿಗೆ ತಗುಲದಿರಲಿ.

ಅಳತೆಯ ಹೊತ್ತನ್ನೂ ಆರಿಸಿಕೊಳ್ಳಬೇಕು. ಫ್ಯಾನ್ ಕಡ್ಡಾಯವಾಗಿ ಆಫ್. ಅದರ ಗಾಳಿ ಮೈಕಿಗೆ ಬಡಿದು 20ರಿಂದ 40 ಹರ್ಟ್ಜ್ ನಡುವೆ ಇಲ್ಲದ ಬೇಸ್ ತೋರಿಸುತ್ತದೆ. ನೀರಿನ ಟ್ಯಾಂಕರ್, ಬೋರ್‌ವೆಲ್ ಮೋಟರ್, ಪಕ್ಕದ ಮನೆಯ ಕುಕ್ಕರ್ ಇವೆಲ್ಲ ಅಡಗುವ ಭಾನುವಾರದ ಊಟದ ನಂತರದ ಹೊತ್ತು ಒಳ್ಳೆಯದು. ನಡುರಾತ್ರಿ ಇನ್ನೂ ನಿಶ್ಶಬ್ದ ನಿಜ, ಆದರೆ 75 ಡೆಸಿಬೆಲ್‌ನ ಸ್ವೀಪ್ (ಕೆಳಗಿನ ಸ್ವರದಿಂದ ಮೇಲಿನದಕ್ಕೆ ಏರುವ ಪರೀಕ್ಷಾ ದನಿ) ಪಕ್ಕದವರನ್ನು ಎಬ್ಬಿಸುತ್ತದೆ.

ಡಿರಾಕ್ ಮುಟ್ಟುವ ಮೊದಲೇ ವಿಝಾರ್ಡ್‌ನಲ್ಲಿ ಮೂಲ ಅಳತೆ ತೆಗೆದಿಡಿ. 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 512ಕೆ ಸ್ಯಾಂಪಲ್ ಉದ್ದದ ಸ್ವೀಪ್, ಮಟ್ಟ ಮೈನಸ್ 12 ಡೆಸಿಬೆಲ್. 48 ಕಿಲೋಹರ್ಟ್ಜ್ ಸ್ಯಾಂಪಲ್ ದರದಲ್ಲಿ ಇದು ಸುಮಾರು 11 ಸೆಕೆಂಡ್. ಉದ್ದ ಎರಡರಷ್ಟಾದರೆ ಗದ್ದಲದ ಎದುರು 3 ಡೆಸಿಬೆಲ್ ಲಾಭ, ಆದ್ದರಿಂದ ಚಿಕ್ಕ ಸ್ವೀಪ್ ಬೇಡ. ಎಡ ಬೇರೆ, ಬಲ ಬೇರೆ, ಆಮೇಲೆ ಎರಡೂ ಒಟ್ಟಿಗೆ. ಏನನ್ನೂ ಕದಲಿಸದೆ ಒಂದೇ ಸ್ಪೀಕರನ್ನು ಎರಡು ಸಲ ಅಳೆದು ನೋಡಿ. ಎರಡು ಗೆರೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ಅಗಲಿದರೆ ಗದ್ದಲ ಸೇರಿದೆ ಎಂದೇ ಅರ್ಥ, ಅಂಥ ದಿನ ಮುಂದುವರಿಯುವುದು ವ್ಯರ್ಥ.

ಈಗ ಡಿರಾಕ್. ಒಬ್ಬರೇ ಕೂತು ಕೇಳುವುದಾದರೆ 9 ಜಾಗದ ಅಳತೆ ಸಾಕು. ಸೋಫಾ ತುಂಬ ಜನ ಇದ್ದರೆ 13 ಅಥವಾ 17. ಮೊದಲ ಜಾಗದ ಅಳತೆಯಿಂದಲೇ ಸ್ಪೀಕರ್‌ಗಳ ವಿಳಂಬ, ಮಟ್ಟ ಎರಡನ್ನೂ ಅದು ನಿರ್ಧರಿಸುತ್ತದೆ. ಹಾಗಾಗಿ ಟೇಪ್ ಹಿಡಿದು ಎರಡೂ ಟ್ವೀಟರ್‌ಗಳಿಂದ (ಸ್ಪೀಕರ್‌ನಲ್ಲಿ ಮೇಲಿನ ಸ್ವರ ಹೊರಡಿಸುವ ಪುಟ್ಟ ಘಟಕ) ಮೈಕಿನ ತುದಿಗೆ ಅಂತರ ಒಂದೇ ಆಗಿದೆಯೇ ನೋಡಿ. ಇಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ ಉಳಿದರೆ 0.3 ಮಿಲಿಸೆಕೆಂಡ್ ವಿಳಂಬ ತಪ್ಪಾಗಿ ಸೇರುತ್ತದೆ. ಆಮೇಲೆ ಗಾಯಕರ ದನಿ ನಡುವಿನಿಂದ ಒಂದು ಪಕ್ಕಕ್ಕೆ ಸರಿದು ಕೇಳುತ್ತದೆ, ಆವರ್ತನದ ಗೆರೆಯಲ್ಲಿ ಅದರ ಸುಳಿವೇ ಇರುವುದಿಲ್ಲ. ಉಳಿದ ಜಾಗಗಳನ್ನು ತಲೆಯ ಸುತ್ತ ಮೇಲೆ ಕೆಳಗೆ ಹರಡಿ. ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಿದರೆ ಆ ಒಂದು ಬಿಂದುವಿಗೆ ಮಾತ್ರ ಹೊಂದುವ ಫಿಲ್ಟರ್ ಸಿಗುತ್ತದೆ.

ಗುರಿಗೆರೆಯ ಪುಟದಲ್ಲಿ ಎಡಕ್ಕೊಂದು ಬಲಕ್ಕೊಂದು ಕಿಟಕಿಯ ಪರದೆಯಂತೆ ಎಳೆದು ಸರಿಸುವ ಪರದೆಗಳಿವೆ (ಕರ್ಟನ್), ತಿದ್ದುಪಡಿ ಅವುಗಳ ನಡುವೆ ಮಾತ್ರ ನಡೆಯುತ್ತದೆ. ಇಡೀ ತಂತ್ರಾಂಶದಲ್ಲಿ ಇದಕ್ಕಿಂತ ಮುಖ್ಯವಾದ ಹಿಡಿತ ಇಲ್ಲ. ಎಡ ಪರದೆಯನ್ನು ಸ್ಪೀಕರ್ ಸಹಜವಾಗಿ ಇಳಿಯುವ ಜಾಗಕ್ಕೆ ತನ್ನಿ. 55 ಹರ್ಟ್ಜ್‌ಗೆ ಮುಗಿಯುವ 5 ಇಂಚಿನ ಪುಟ್ಟ ಸ್ಪೀಕರ್‌ನಿಂದ 30 ಹರ್ಟ್ಜ್ ಎಳೆಯಹೊರಟರೆ ಕೋನ್ ಒದ್ದಾಡುತ್ತದೆ, ದನಿ ಒಡೆಯುತ್ತದೆ. ಬಲ ಪರದೆಯನ್ನು 300 ಹರ್ಟ್ಜ್ ಹತ್ತಿರ ನಿಲ್ಲಿಸಿ. ಕೋಣೆ ಆಳುವ ಆವರ್ತನಗಳಿಂದಾಚೆಗೆ ಸ್ಪೀಕರನ್ನು ಚೆನ್ನಾಗಿ ಕಟ್ಟಿರಬೇಕೇ ಹೊರತು ಈಕ್ವಲೈಸರ್‌ನಿಂದ ಕಟ್ಟಲಾಗದು ಎಂದು ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಬಹಳ ಕಾಲದಿಂದ ವಾದಿಸಿಕೊಂಡು ಬಂದಿದ್ದಾರೆ. ಒಳ್ಳೆಯ ಸ್ಪೀಕರ್ ಕೋಣೆಯೊಳಗೆ ಅಳೆದಾಗ ಮೇಲಕ್ಕೆ ಹೋದಂತೆ ತಾನಾಗಿ ಇಳಿಯುತ್ತದೆ. ಅದನ್ನು ಚಪ್ಪಟೆಯಾಗಿ ಎಳೆದು ನಿಲ್ಲಿಸಿದರೆ ದನಿ ಚುಚ್ಚುತ್ತದೆ, ಹಿಂಸೆಯಾಗುತ್ತದೆ.

ಫಿಲ್ಟರ್ ತುಂಬಿಸಿದ ಮೇಲಿನ ಅಳತೆಯಲ್ಲಿ ಎಡವುವವರು ಹೆಚ್ಚು. ಎವಿಆರ್ (ಟಿವಿ, ಸ್ಪೀಕರ್‌ಗಳನ್ನೆಲ್ಲ ಜೋಡಿಸುವ ಆಂಪ್ಲಿಫಯರ್ ಪೆಟ್ಟಿಗೆ) ಡೈರೆಕ್ಟ್ ಅಥವಾ ಪ್ಯೂರ್ ಡೈರೆಕ್ಟ್‌ನಲ್ಲಿದ್ದರೆ ಹಲವು ಯಂತ್ರಗಳಲ್ಲಿ ತಿದ್ದುಪಡಿಯೇ ಕಳಚಿ ಬೀಳುತ್ತದೆ. ಹಳೆಯ ಗೆರೆಯೇ ಮತ್ತೆ ಬರುತ್ತದೆ, ಡಿರಾಕ್ ಏನೂ ಮಾಡಿಲ್ಲ ಎಂಬ ತೀರ್ಮಾನ ಹುಟ್ಟುತ್ತದೆ. ಸರೌಂಡ್ ಮೋಡ್‌ನಲ್ಲಿದ್ದರೆ ಒಂದು ಸ್ಪೀಕರ್‌ಗೆ ಕಳಿಸಿದ ಸ್ವೀಪ್ ಐದಾರಕ್ಕೆ ಹಂಚಿಹೋಗುತ್ತದೆ. ಸ್ಟೀರಿಯೋ ಮೋಡ್ ಇಡಿ. ವಿಂಡೋಸ್‌ನ ಧ್ವನಿ ವರ್ಧನೆಗಳನ್ನೆಲ್ಲ ತೆಗೆದುಹಾಕಿ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಮೂಲಕವೇ ಕಳಿಸಿ, ಎರಡೂ ಸಲ ಅದೇ ದಾರಿ.

ಏರಿಸಲು ಜಾಗ ಬೇಕೆಂದು ಡಿರಾಕ್ ಒಟ್ಟು ಮಟ್ಟವನ್ನು ಕೆಲವು ಡೆಸಿಬೆಲ್ ತಗ್ಗಿಸುತ್ತದೆ, ಹಾಗಾಗಿ ಎರಡು ಗೆರೆ ನೇರವಾಗಿ ಒಂದರ ಮೇಲೊಂದು ಕೂರುವುದಿಲ್ಲ. 500 ಹರ್ಟ್ಜ್‌ನಿಂದ 2 ಕಿಲೋಹರ್ಟ್ಜ್‌ವರೆಗಿನ ಸರಾಸರಿ ಹಿಡಿದು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಬಲ ಪರದೆ 300ರಲ್ಲಿ ನಿಂತಿದ್ದರೆ ಅದರ ಮೇಲೆ ಎರಡೂ ಗೆರೆ ಪಡಿಯಚ್ಚಿನಂತೆ ಬರಬೇಕು. ಬಂದಿಲ್ಲವೇ? ಮೈಕ್ ಕದಲಿದೆ. 10 ಕಿಲೋಹರ್ಟ್ಜ್‌ನ ಅಲೆ ಬರೀ 3.4 ಸೆಂಟಿಮೀಟರ್ ಉದ್ದ, ಎರಡು ಬೆರಳಗಲ ಜರುಗಿದರೂ ಚಿತ್ರ ಬದಲಾಗುತ್ತದೆ. ಅಳತೆ ನಂಬಬಹುದೇ ಇಲ್ಲವೇ ಎನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೇಸ್ ನೋಡುವಾಗ ಸ್ಮೂದಿಂಗ್ (ಗೆರೆಯ ಅಂಕುಡೊಂಕನ್ನು ಸವರಿ ನಯ ಮಾಡುವುದು) 1/24 ಆಕ್ಟೇವ್‌ಗಿಂತ ಹೆಚ್ಚು ಬೇಡ. 1/3 ಹಾಕಿದರೆ ಇರುವ ಹೊಂಡವೆಲ್ಲ ಮುಚ್ಚಿಹೋಗುತ್ತದೆ. ಇನ್ನೊಂದು ವಿಷಯ: ಡಿರಾಕ್ ತೋರಿಸುವುದು ಹಲವು ಜಾಗಗಳ ಸರಾಸರಿ. ಒಂದೇ ಬಿಂದುವಿನ ಸ್ವೀಪ್ ಅದಕ್ಕಿಂತ ಒರಟಾಗಿ ಕಾಣುವುದು ಸಹಜ. ತಲೆಯ ಸುತ್ತ ಐದಾರು ಕಡೆ ಅಳೆದು, ವಿಝಾರ್ಡ್‌ನಲ್ಲಿ ಆರ್‌ಎಂಎಸ್ ಸರಾಸರಿ (ಶಕ್ತಿಯ ಲೆಕ್ಕದ ಸರಾಸರಿ) ತೆಗೆದು, ಸರಾಸರಿಯನ್ನು ಸರಾಸರಿಗೇ ಹೋಲಿಸಿ.

ಹೀಗೆ ನೋಡಿದಾಗ ದಿಬ್ಬಗಳ ವಿಷಯದಲ್ಲಿ ಡಿರಾಕ್ ಮಾತು ಉಳಿಸಿಕೊಳ್ಳುತ್ತದೆ. 47, 56, 112ರ ಉಬ್ಬುಗಳು ಗುರಿಗೆ ಇಳಿಯುತ್ತವೆ. ವಾಟರ್‌ಫಾಲ್ (ಹೊತ್ತು ಕಳೆದಂತೆ ದನಿ ಆರುವುದನ್ನು ತೋರಿಸುವ ಚಿತ್ರ) ತೆರೆದರೆ ಕೇಳುವ ಜಾಗದಲ್ಲಿ ಅವುಗಳ ಬಾಲವೂ ಕುಗ್ಗಿರುತ್ತದೆ, ಏಕೆಂದರೆ ಆ ಅನುರಣನಕ್ಕೆ ಶಕ್ತಿ ತುಂಬುವುದೇ ಕಡಿಮೆಯಾಗಿದೆ. ಡೊಳ್ಳಿನ ಪೆಟ್ಟು ಬಿಗಿಯಾಗುತ್ತದೆ.

ಹೊಂಡಗಳ ಕಥೆ ಬೇರೆ. ಸ್ಪೀಕರ್‌ನ ಮುಖ ಹಿಂದಿನ ಗೋಡೆಯಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ ಗೋಡೆಯಿಂದ ಮರಳಿದ ಅಲೆ 143 ಹರ್ಟ್ಜ್ ಸುತ್ತ ನೇರ ಅಲೆಯನ್ನು ಅಳಿಸುತ್ತದೆ. ಅಲ್ಲಿ 10 ಡೆಸಿಬೆಲ್ ಏರಿಸಿ, ಅಂದರೆ ಆಂಪ್ಲಿಫಯರ್ 20 ವ್ಯಾಟ್ ಬದಲು 200 ವ್ಯಾಟ್ ಸುರಿಯಲಿ, ಮರಳುವ ಅಲೆಯೂ ಅಷ್ಟೇ ಜೋರಾಗುತ್ತದೆ, ಅಳಿಸುವಿಕೆ ನಿಲ್ಲುವುದಿಲ್ಲ. ಡಿರಾಕ್ ಏರಿಕೆಗೆ 10 ಡೆಸಿಬೆಲ್‌ನ ಮಿತಿ ಹಾಕಿರುವುದು ಒಳ್ಳೆಯದೇ, ಆದರೂ ಅದಕ್ಕೆ ಮುಂಚೆಯೇ ಗುರಿಗೆರೆಯನ್ನು ಹೊಂಡದ ಜಾಗದಲ್ಲಿ ಒಂದಿಷ್ಟು ತಗ್ಗಿಸುವುದು ಜಾಣತನ. ನಿಜವಾದ ಮದ್ದು ಸ್ಪೀಕರನ್ನು ಜರುಗಿಸುವುದು. ಗೋಡೆಗೆ 30 ಸೆಂಟಿಮೀಟರ್‌ವರೆಗೆ ತಳ್ಳಿದರೆ ಹೊಂಡ 286ಕ್ಕೆ ಹೋಗುತ್ತದೆ, ಅಲ್ಲಿ ಗೋಡೆಗೆ ಹಚ್ಚಿದ ದಪ್ಪ ರಾಕ್‌ವೂಲ್ (ದನಿ ಹೀರುವ ಕಲ್ಲಿನ ನಾರಿನ ಹಾಸು) ಕೆಲಸ ಮಾಡಬಲ್ಲದು. ಅದನ್ನು ಸುತ್ತಿ ಮುಚ್ಚಲು ಚಿಕ್ಕಪೇಟೆಯಲ್ಲಿ ಸಿಗುವ, ಉಸಿರಾಡುವಂಥ ಹತ್ತಿ ಬಟ್ಟೆ ಸಾಕು. ಕೂರುವ ಜಾಗವೂ ಅಷ್ಟೇ ಮುಖ್ಯ: 12 ಅಡಿಯ ಸರಿಯಾದ ನಡುವೆ ಕೂತರೆ 47 ಹರ್ಟ್ಜ್ ಮಾಯ, ಹಿಂಗೋಡೆಗೆ ಒರಗಿದರೆ ಅದೇ ಅಬ್ಬರ. ಸೋಫಾವನ್ನು 20 ಸೆಂಟಿಮೀಟರ್‌ನಂತೆ ಜರುಗಿಸುತ್ತಾ ಅಳೆಯಿರಿ. ಇದನ್ನೆಲ್ಲ ಮುಗಿಸಿದ ಮೇಲೇ ಡಿರಾಕ್ ಓಡಿಸಬೇಕು, ಆಮೇಲೆ ಜರುಗಿಸಿದರೆ ಹಳೆಯ ಫಿಲ್ಟರ್ ಕೆಲಸಕ್ಕೆ ಬಾರದು.

ಡಿರಾಕ್‌ನಲ್ಲಿ 500 ಹರ್ಟ್ಜ್‌ವರೆಗೆ ಮಾತ್ರ ತಿದ್ದುವ ಸೀಮಿತ ಆವೃತ್ತಿ ಇದೆ, ಪೂರ್ತಿ ಆವೃತ್ತಿಗಿಂತ ಅಗ್ಗ. ಮೇಲೆ ಹೇಳಿದ ಕೋಣೆಗೆ ಅದು ಧಾರಾಳ. ಉಳಿದ ಹಣ ರಾಕ್‌ವೂಲ್‌ಗೆ ಹೋಗಲಿ. ಹಾಡು ಕೇಳುವುದೆಲ್ಲ ಕಂಪ್ಯೂಟರ್‌ನಿಂದಲೇ ಆದರೆ ಡಿರಾಕ್ ಕೊಳ್ಳುವ ಮೊದಲು ಉಚಿತ ದಾರಿ ನೋಡಿ. ವಿಝಾರ್ಡ್‌ನ ಇಕ್ಯೂ ಕಿಟಕಿಯಲ್ಲಿ ಸರಾಸರಿ ಗೆರೆ ಹಿಡಿದು, ವ್ಯಾಪ್ತಿ 40ರಿಂದ 300, ಏರಿಕೆ ಸೊನ್ನೆ ಎಂದು ಕೊಟ್ಟರೆ ದಿಬ್ಬ ಕಡಿಯುವ ಫಿಲ್ಟರ್‌ಗಳನ್ನು ಅದೇ ಹುಡುಕಿಕೊಡುತ್ತದೆ. ಅವನ್ನು ಕಂಪ್ಯೂಟರ್‌ನ ದನಿ ತಿದ್ದುವ ಈಕ್ವಲೈಸರ್ ಎಪಿಓ ತಂತ್ರಾಂಶಕ್ಕೆ ತುಂಬಿಸಿದರಾಯಿತು. ದಿಬ್ಬಗಳ ಮಟ್ಟಿಗೆ ಫಲ ಡಿರಾಕ್‌ಗೆ ಬಹಳ ಹತ್ತಿರ. ಟಿವಿ, ಸೆಟ್‌ಟಾಪ್ ಬಾಕ್ಸ್, ಸಬ್‌ವೂಫರ್ ಎಲ್ಲ ಒಂದೇ ಎವಿಆರ್‌ಗೆ ಸೇರಿರುವ ಮನೆಗೆ ಡಿರಾಕ್ ಸರಿ. ಅಲ್ಲಿ ಕೊನೆಯ ಪರೀಕ್ಷೆ 80 ಹರ್ಟ್ಜ್ ಕ್ರಾಸ್‌ಓವರ್‌ನದು (ಸಬ್‌ವೂಫರ್‌ನಿಂದ ಸ್ಪೀಕರ್‌ಗೆ ಕೆಲಸ ದಾಟುವ ಗಡಿ): ಸಬ್ ಮಾತ್ರ, ಸ್ಪೀಕರ್ ಮಾತ್ರ, ಎರಡೂ ಸೇರಿ ಎಂದು ಮೂರು ಸ್ವೀಪ್ ತೆಗೆಯಿರಿ. ಸೇರಿದ ಗೆರೆ 80ರ ಹತ್ತಿರ ಬಿಡಿ ಗೆರೆಗಳಿಗಿಂತ ಕೆಳಗಿದ್ದರೆ ಸಬ್‌ನ ವಿಳಂಬ ಅಥವಾ ಪೊಲ್ಯಾರಿಟಿ (ಪ್ಲಸ್-ಮೈನಸ್ ದಿಕ್ಕು) ತಪ್ಪಿದೆ. ಸಬ್‌ನ ದೂರವನ್ನು 30 ಸೆಂಟಿಮೀಟರ್‌ನಂತೆ ಬದಲಿಸುತ್ತಾ, ಆ ತಗ್ಗು ತುಂಬುವವರೆಗೆ ಮತ್ತೆ ಅಳೆಯಿರಿ.