5 ಕೆವಿಎ ಸೈಲೆಂಟ್ ಡೀಸೆಲ್ ಜನರೇಟರ್: ಮಡಿಕೇರಿಯ ರಾತ್ರಿಗೆ ಸಾಕೇ?

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟ್ ಹೋದಾಗ ಫ್ರಿಜ್, ಅರ್ಧ ಎಚ್‌ಪಿ ಮೋಟರ್, ಮನೆಯ ದೀಪಗಳನ್ನು ಇದು ಆರಾಮಾಗಿ ಎಳೆಯುತ್ತದೆ. ಜೊತೆಗೆ ಗೀಸರ್ ಹಾಕಬೇಡಿ.

'ಸೈಲೆಂಟ್' ಎಂಬ ಹೆಸರನ್ನು ಮಾತ್ರ ನೆಚ್ಚಬಾರದು. ಡೀಸೆಲ್ ಸೆಟ್‌ಗೆ ಕಾನೂನಿನ ಮಿತಿ 1 ಮೀಟರ್ ದೂರದಲ್ಲಿ 75 ಡೆಸಿಬಲ್. ಆದರೆ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕಿರುವ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ 45ಕ್ಕೆ ಬರಲು 30 ಮೀಟರ್‌ಗೂ ಹೆಚ್ಚು ಅಂತರ ಬೇಕು. ಕಾಫಿ ತೋಟದ ಮನೆಗೆ ಚಿಂತೆಯಿಲ್ಲ. ಮಡಿಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿಗೆ ರಾತ್ರಿ ಹೊತ್ತು ಇನ್ವರ್ಟರ್ ಬ್ಯಾಟರಿಯೇ ಸರಿ, ಪಕ್ಕದ ಮನೆಯವರೂ ಮಲಗಬೇಕಲ್ಲ.

ಇಲ್ಲಿನ ತೇವಕ್ಕೆ ಬೇಗ ಹಾಳಾಗುವುದು ಜನರೇಟರ್‌ನ ಹೊರಪೆಟ್ಟಿಗೆಯ ಬಾಗಿಲಿನ ರಬ್ಬರ್ ಬೀಡಿಂಗ್. ಅದು ಕಿತ್ತುಬಂದರೆ ಆ ಸಂದಿಯಿಂದಲೇ ಸದ್ದು ಸೋರುತ್ತದೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಬೀಡಿಂಗ್ ಬದಲಿಸಿ. ಗುಂಯ್ ಎಂಬ ಅದುರು ಗೋಡೆಗೆ ಹತ್ತಿದರೆ ಎಂಜಿನ್ ಕೆಳಗಿನ ರಬ್ಬರ್ ಮೌಂಟ್ ನೋಡಿ. ಮಳೆ ತಪ್ಪಿಸಲೆಂದು ಮುಚ್ಚಿದ ಶೆಡ್‌ನಲ್ಲಿ ಮಾತ್ರ ಓಡಿಸಲೇಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.